ಮಕ್ಕಳ ಕಾರ್ ಸೀಟ್

ಕಾರಿನಲ್ಲಿ ಹೋಗುವ ಮಗುವನ್ನು ಅದರ ಮೈಯಳತೆಗೆ ತಕ್ಕ ಪಟ್ಟಿಗಳಿಂದ ಹಿಡಿದಿಟ್ಟು, ಆ ಹಿಡಿತವನ್ನು ಕಾರಿನ ಚೌಕಟ್ಟಿಗೇ ಜೋಡಿಸುವ ಆಸನ. ಕಾನೂನಿನ ಪುಸ್ತಕದಲ್ಲಿ ಇದರ ಹೆಸರು ‘ಚೈಲ್ಡ್ ರಿಸ್ಟ್ರೇಂಟ್ ಸಿಸ್ಟಂ’. ಅಂಗಡಿಯಲ್ಲೂ ಮನೆಯಲ್ಲೂ ಜನ ಕರೆಯುವುದು ಕಾರ್ ಸೀಟ್, ಬೇಬಿ ಸೀಟ್ ಎಂದು. ಹುಟ್ಟಿದ ದಿನದ ಕೂಸಿನಿಂದ ಹಿಡಿದು ಹತ್ತು ಹನ್ನೆರಡು ವರ್ಷದ ಮಕ್ಕಳವರೆಗೆ ಬೇರೆ ಬೇರೆ ಬಗೆಯ ಸೀಟುಗಳಿವೆ. ದೊಡ್ಡವರಿಗಾಗಿ ಮಾಡಿದ ಸೀಟ್ ಬೆಲ್ಟ್ ಮಗುವಿನ ಮೈಗೆ ಹೊಂದುವವರೆಗೆ ಒಂದಾದ ಮೇಲೊಂದರಂತೆ ಇವು ಮಗುವಿನ ಜೊತೆಗಿರುತ್ತವೆ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಯ ಲೆಕ್ಕದಂತೆ, ಸರಿಯಾಗಿ ಬಳಸಿದ ಸೀಟು ಕಾರು ಅಪಘಾತಗಳಲ್ಲಿ ಒಂದು ವರ್ಷದೊಳಗಿನ ಕೂಸುಗಳ ಸಾವನ್ನು ನೂರಕ್ಕೆ 71ರಷ್ಟು, ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವನ್ನು ನೂರಕ್ಕೆ 54ರಷ್ಟು ಕಡಿಮೆ ಮಾಡುತ್ತದೆ. ಮಕ್ಕಳ ಪ್ರಾಣ ಉಳಿಸುವುದರಲ್ಲಿ ಲಸಿಕೆಯ ಪಕ್ಕದಲ್ಲಿಟ್ಟು ನೋಡಬೇಕಾದ ವಸ್ತು ಇದು.

ತೊಡೆಯ ಮೇಲಿನ ಮಗು

ಮಗುವಿನ ಜಾಗ ತಾಯಿಯ ತೊಡೆ ಎಂಬುದನ್ನು ನಮ್ಮಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕಾರಿನಲ್ಲೂ ಅದೇ ರೂಢಿ. ಮುಂದಿನ ಸೀಟಿನಲ್ಲಿ ಅಮ್ಮ, ಅವಳ ಮಡಿಲಲ್ಲಿ ಕೂಸು. ಸ್ವಲ್ಪ ದೊಡ್ಡದಾದರೆ ಎರಡು ಸೀಟುಗಳ ನಡುವೆ ನಿಂತು ಎದುರಿನ ರಸ್ತೆ ನೋಡುವ ಸಡಗರ. ಈ ರೂಢಿಯ ಹಿಂದೆ ಇರುವುದು ಪ್ರೀತಿಯೇ ಹೊರತು ಉದಾಸೀನ ಅಲ್ಲ. ಆದರೆ ಕಾರು ಬಡಿದ ಗಳಿಗೆಯಲ್ಲಿ ತೋಳಿನ ಬಲ ಎಷ್ಟು ಸಾಲುತ್ತದೆ ಎಂಬ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಆ ವೇಗದ ಕಾರು ನಿಂತ ಲಾರಿಗೋ ಮರಕ್ಕೋ ಬಡಿದು ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ನಿಂತಿತು ಎನ್ನೋಣ. ಕಾರು ನಿಂತಿತು, ಒಳಗಿದ್ದವರ ಮೈ ಮಾತ್ರ ಅದೇ ವೇಗದಲ್ಲಿ ಮುಂದಕ್ಕೆ ಹೊರಟಿರುತ್ತದೆ. ಹತ್ತು ಕಿಲೋ ತೂಗುವ ಒಂದು ವರ್ಷದ ಮಗುವನ್ನು ಆಗ ಹಿಡಿದು ನಿಲ್ಲಿಸಲು ಸುಮಾರು 140 ಕಿಲೋ ಭಾರ ಎತ್ತುವಷ್ಟು ಬಲ ಬೇಕು. ಐವತ್ತು ಕಿಲೋ ಅಕ್ಕಿಯ ಮೂಟೆ ಮೂರಕ್ಕೆ ಹತ್ತು ಕಿಲೋ ಕಡಿಮೆ. ಅದನ್ನು ಮುನ್ಸೂಚನೆಯಿಲ್ಲದೆ, ಎರಡು ತೋಳಿನಲ್ಲಿ, ಕಣ್ಣು ಮಿಟುಕಿಸುವುದರೊಳಗೆ ಹಿಡಿಯಬೇಕು. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, 50 ಕಿ.ಮೀ. ವೇಗದ ಡಿಕ್ಕಿಗೂ ಮೂರಂತಸ್ತಿನ ಮಹಡಿಯಿಂದ ಬೀಳುವುದಕ್ಕೂ ಪೆಟ್ಟಿನ ವೇಗ ಒಂದೇ. ವೇಗ ಎರಡು ಪಟ್ಟಾದರೆ ಎತ್ತರ ನಾಲ್ಕು ಪಟ್ಟು. ಬೆಂಗಳೂರು–ಮೈಸೂರು ದಶಪಥದಲ್ಲಿ 100ರ ವೇಗದಲ್ಲಿ ಓಡುವ ಕಾರಿನ ಮಗು ಸುಮಾರು 39 ಮೀಟರ್ ಎತ್ತರದ ಅಂಚಿನಲ್ಲಿ ಕುಳಿತ ಹಾಗೆ.

ತಾಯಿ ಬೆಲ್ಟ್ ಹಾಕಿರದಿದ್ದರೆ ಸಂಗತಿ ಇನ್ನೂ ಕೆಟ್ಟದು. ಅರವತ್ತು ಕಿಲೋ ಮೈ ಅದೇ ವೇಗದಲ್ಲಿ ಮುಂದಕ್ಕೆ ಬಂದು, ಡ್ಯಾಷ್‌ಬೋರ್ಡಿಗೂ ತನಗೂ ನಡುವೆ ಸಿಕ್ಕ ಮಗುವನ್ನು ಅಪ್ಪಳಿಸುತ್ತದೆ. ಇಬ್ಬರಿಗೂ ಸೇರಿಸಿ ಒಂದೇ ಬೆಲ್ಟ್ ಸುತ್ತಿಕೊಂಡರೂ ಆಗುವುದು ಇದೇ: ಮಗು ತಾಯಿಗೂ ಬೆಲ್ಟಿಗೂ ನಡುವೆ ಅಪ್ಪಚ್ಚಿಯಾಗುತ್ತದೆ. ‘ಗಟ್ಟಿಯಾಗಿ ಹಿಡ್ಕೊಂಡಿದ್ದೆ’ ಎಂದು ಆಮೇಲೆ ಹೇಳುವ ತಾಯಂದಿರ ಮಾತು ಪೂರ್ತಿ ನಿಜವೇ. ಮನುಷ್ಯರ ತೋಳು ಕೊಡಬಹುದಾದಷ್ಟನ್ನೂ ಅವರು ಕೊಟ್ಟಿರುತ್ತಾರೆ.

ಎಳೆಯ ಮೈ

ಮಗು ಅಂದರೆ ಕುಗ್ಗಿಸಿದ ದೊಡ್ಡವರಲ್ಲ. ಹುಟ್ಟಿದ ಕೂಸಿನ ಉದ್ದದಲ್ಲಿ ಕಾಲುಭಾಗ ತಲೆಯೇ. ದೊಡ್ಡವರಲ್ಲಿ ಅದು ಏಳೆಂಟರಲ್ಲಿ ಒಂದು ಪಾಲು. ಅಷ್ಟು ಭಾರದ ತಲೆಯನ್ನು ಹೊತ್ತ ಕತ್ತಿನ ಸ್ನಾಯುಗಳು ಬಲಿತಿರುವುದಿಲ್ಲ, ಕೀಲುಗಳನ್ನು ಬಿಗಿದ ಕಟ್ಟುಗಳು ಸಡಿಲ. ಕತ್ತಿನ ಒಂದೊಂದು ಮಣಿಯೂ ಆ ವಯಸ್ಸಿನಲ್ಲಿ ಒಂದೇ ಮೂಳೆಯಾಗಿರುವುದಿಲ್ಲ. ಮೆತ್ತನೆಯ ಮೃದ್ವಸ್ಥಿಯಿಂದ ಅಂಟಿಕೊಂಡ ತುಂಡುಗಳಾಗಿದ್ದು, ಮೂರರಿಂದ ಆರು ವರ್ಷದ ನಡುವೆ ಅವು ಕೂಡಿಕೊಳ್ಳುತ್ತವೆ. ಮುಂದಕ್ಕೆ ಮುಖ ಮಾಡಿ ಕುಳಿತ ಒಂದು ವರ್ಷದ ಮಗುವಿನ ಮೈಯನ್ನು ಪಟ್ಟಿ ತಡೆದರೂ ತಲೆ ಚಾಟಿಯ ತುದಿಯಂತೆ ಮುಂದಕ್ಕೆ ಹಾರುತ್ತದೆ. ಆಗ ಎಳೆಯ ಬೆನ್ನೆಲುಬಿನ ಕೊಳವೆ ಹಿಗ್ಗೀತು, ಅದರೊಳಗಿನ ನರಹುರಿ ಅಷ್ಟು ಹಿಗ್ಗದು. ಹೊರಗೆ ಒಂದು ಗಾಯವೂ ಇಲ್ಲದೆ ಮಗು ಕತ್ತಿನ ಕೆಳಗೆ ಸ್ವಾಧೀನ ಕಳೆದುಕೊಳ್ಳುವುದು ಹೀಗೆ.

ಇದು ನಮ್ಮ ಅಜ್ಜಿಯರಿಗೆ ಗೊತ್ತಿಲ್ಲದ ವಿಷಯವೇನಲ್ಲ. ಕೂಸಿಗೆ ಎರೆಯುವಾಗ ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಮಲಗಿಸಿ, ಒಂದು ಅಂಗೈಯನ್ನು ಕತ್ತಿನ ಹಿಂದೆ ಕೊಟ್ಟೇ ಅವರು ಮುಂದಿನ ಕೆಲಸ ಮಾಡುವುದು. ಎತ್ತಿಕೊಳ್ಳಲು ಬಂದವರಿಗೆ ಮೊದಲು ಹೇಳುವುದೂ ‘ಕತ್ತಿನ್ನೂ ನಿಂತಿಲ್ಲ, ಹುಷಾರು’ ಎಂದೇ. ಹಿಂದಕ್ಕೆ ಮುಖ ಮಾಡಿದ ಕಾರ್ ಸೀಟು ಮಾಡುವುದು ಆ ಅಂಗೈಯ ಕೆಲಸವನ್ನೇ. ಕಾರು ಮುಂದಕ್ಕೆ ಬಡಿದಾಗ ಮಗು ಸೀಟಿನ ಬೆನ್ನಿನೊಳಕ್ಕೆ ಒತ್ತಿಕೊಳ್ಳುತ್ತದೆ. ತಲೆ, ಕತ್ತು, ಬೆನ್ನು ಮೂರೂ ಒಟ್ಟಿಗೆ ಒಂದೇ ಹಾಳೆಯ ಮೇಲೆ ನಿಲ್ಲುತ್ತವೆ. ಪೆಟ್ಟು ಇಡೀ ಬೆನ್ನಿಗೆ ಹಂಚಿಹೋಗುತ್ತದೆ, ಕತ್ತಿನ ಮೇಲೆ ಎಳೆತ ಬೀಳುವುದಿಲ್ಲ.

ಎಳೆಯ ಮೈಯ ಇನ್ನೊಂದು ಕೊರತೆ ಸೊಂಟದಲ್ಲಿದೆ. ದೊಡ್ಡವರ ಬೆಲ್ಟಿನ ಕೆಳಪಟ್ಟಿ ನಿಲ್ಲುವುದು ಸೊಂಟದ ಮೂಳೆಯ ಮುಂಭಾಗದ ಎರಡು ಗಂಟುಗಳ ಆಸರೆಯಿಂದ. ಮಕ್ಕಳಲ್ಲಿ ಅವು ಸರಿಯಾಗಿ ಮೂಡುವುದು ಹತ್ತು ವರ್ಷದ ಹೊತ್ತಿಗೆ. ಅದಕ್ಕೆ ಮೊದಲು ಪಟ್ಟಿ ಜಾರಿ ಹೊಟ್ಟೆಯ ಮೆತ್ತನೆಯ ಭಾಗಕ್ಕೆ ಏರುತ್ತದೆ, ಡಿಕ್ಕಿಯಾದಾಗ ಕರುಳು, ಗುಲ್ಮ, ಬೆನ್ನುಮೂಳೆಗಳನ್ನು ಹಿಂಡುತ್ತದೆ. ಹೊಟ್ಟೆಯ ಮೇಲೆ ಬೆಲ್ಟಿನ ಅಗಲಕ್ಕೆ ಮೂಡಿದ ನೀಲಿಗಟ್ಟಿದ ಬರೆ ಕಂಡರೆ ವೈದ್ಯರು ಒಳಗಾಯಕ್ಕಾಗಿ ಹುಡುಕುತ್ತಾರೆ. ಇದಕ್ಕೆ ‘ಸೀಟ್ ಬೆಲ್ಟ್ ಸಿಂಡ್ರೋಮ್’ ಎಂಬ ಹೆಸರೇ ಇದೆ. ಕುತ್ತಿಗೆಗೆ ತಾಗುವ ಮೇಲ್ಪಟ್ಟಿ ಮಗುವಿಗೆ ಕಿರಿಕಿರಿ ಎನಿಸಿ ಅದನ್ನು ಬೆನ್ನ ಹಿಂದೆ ತಳ್ಳಿಕೊಂಡರೆ ಉಳಿದದ್ದು ಈ ಹೊಟ್ಟೆಯ ಪಟ್ಟಿ ಮಾತ್ರ.

ಇತಿಹಾಸ

1933ರಲ್ಲಿ ಅಮೆರಿಕದ ಬನ್ನಿ ಬೇರ್ ಕಂಪನಿ ಮಕ್ಕಳಿಗೊಂದು ಕಾರ್ ಸೀಟು ಮಾಡಿತು. ಅದು ಮಗುವನ್ನು ಎತ್ತರಕ್ಕೆ ಕೂರಿಸಿ ಕಿಟಕಿಯಾಚೆ ನೋಡಲು ಬಿಡುವುದಕ್ಕೆ, ಓಡಾಡದಂತೆ ಕೂರಿಸುವುದಕ್ಕೆ ಇದ್ದದ್ದು. ಮುಂದಿನ ಮೂವತ್ತು ವರ್ಷ ಬಂದ ಸೀಟುಗಳೂ ಇದೇ ಬಗೆಯವು: ಕಬ್ಬಿಣದ ಕೊಳವೆ ಬಗ್ಗಿಸಿ ಕಾರಿನ ಸೀಟಿನ ಬೆನ್ನಿಗೆ ನೇತುಹಾಕುವ ಚೀಲ, ಮುಂದೆ ಆಡಲು ಒಂದು ಪುಟ್ಟ ಸ್ಟೀರಿಂಗ್. ಡಿಕ್ಕಿಯ ವಿಚಾರ ಅವುಗಳಲ್ಲಿ ಇರಲಿಲ್ಲ.

ದೊಡ್ಡವರ ಮೂರು ಬಿಂದುವಿನ ಬೆಲ್ಟನ್ನು ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ 1959ರಲ್ಲಿ ತಂದ ಮೇಲೆ, ಹಾಗಾದರೆ ಮಕ್ಕಳಿಗೇನು ಎಂಬ ಪ್ರಶ್ನೆ ಎದ್ದಿತು. ಬ್ರಿಟನ್ನಿನಲ್ಲಿ ಪತ್ರಕರ್ತೆ ಜೀನ್ ಏಮ್ಸ್, ಅಮೆರಿಕದ ಡೆನ್ವರ್‌ನಲ್ಲಿ ಲೆನರ್ಡ್ ರಿವ್ಕಿನ್, ಇಬ್ಬರೂ 1962ರ ಸುಮಾರಿಗೆ ಬೇರೆ ಬೇರೆಯಾಗಿಯೇ ಮಗುವನ್ನು ರಕ್ಷಿಸುವ ಉದ್ದೇಶದ ಸೀಟುಗಳನ್ನು ರೂಪಿಸಿದರು. 1968ರಲ್ಲಿ ಫೋರ್ಡ್ ಕಂಪನಿ ಮಗುವಿನ ಎದುರಿಗೆ ದಿಂಬಿನಂಥ ಕವಚ ಇಡುವ ‘ಟಾಟ್ ಗಾರ್ಡ್’ ತಂದಿತು. ಅದೇ ಕಾಲದಲ್ಲಿ ಜನರಲ್ ಮೋಟರ್ಸ್‌ನ ‘ಲವ್ ಸೀಟ್’ಗಳೂ ಬಂದವು.

ಆದರೆ ಈ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡ ತಿರುವು ಸ್ವೀಡನ್ನಿನದು. ಬರ್ಟಿಲ್ ಆಲ್ಡ್‌ಮನ್ ಎಂಬ ವೈದ್ಯರು ಟೆಲಿವಿಷನ್ನಿನಲ್ಲಿ ಅಮೆರಿಕದ ಜೆಮಿನಿ ಗಗನಯಾನಿಗಳ ಆಸನವನ್ನು ನೋಡಿದರು. ರಾಕೆಟ್ಟಿನ ಒತ್ತಡ ಇಡೀ ಬೆನ್ನಿಗೆ ಹರಡುವಂತೆ ಮೈಯಚ್ಚಿಗೆ ಹೊಂದಿಸಿದ ಆಸನದಲ್ಲಿ ಅವರು ಒರಗಿ ಮಲಗಿದ್ದರು. ಮಗುವನ್ನೂ ಹೀಗೆಯೇ, ಬರುವ ಪೆಟ್ಟಿಗೆ ಬೆನ್ನು ಕೊಟ್ಟು ಕೂರಿಸಿದರೆ? ಈ ಯೋಚನೆಯಿಂದ ಹುಟ್ಟಿದ ಹಿಂಮುಖ ಸೀಟಿನ ಮೊದಲ ಮಾದರಿಯನ್ನು 1964ರಲ್ಲಿ ವೋಲ್ವೋ ಕಾರಿನಲ್ಲಿ ಪರೀಕ್ಷಿಸಲಾಯಿತು. ಆಲ್ಡ್‌ಮನ್ ಮುಂದೆ ಯೋಟೆಬೊರ್ಗ್ ನಗರದ ಚಾಲ್ಮರ್ಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ವೋಲ್ವೋ 1972ರಲ್ಲಿ ಹಿಂಮುಖ ಸೀಟನ್ನು ಮಾರಾಟಕ್ಕೆ ತಂದಿತು. ದೊಡ್ಡ ಮಕ್ಕಳನ್ನು ಮೇಲಕ್ಕೆತ್ತಿ ಕೂರಿಸುವ ಬೂಸ್ಟರ್ ದಿಂಬು ಬಂದದ್ದೂ ಅದೇ ದಶಕದಲ್ಲಿ. ಸ್ವೀಡನ್ನಿನ ಮಕ್ಕಳು ಇವತ್ತಿಗೂ ನಾಲ್ಕು ವರ್ಷದ ಸುಮಾರಿನವರೆಗೆ ಹಿಂದಕ್ಕೆ ಮುಖ ಮಾಡಿಯೇ ಪ್ರಯಾಣ ಮಾಡುತ್ತಾರೆ.

ಕಾನೂನು ಬಂದದ್ದು ಇನ್ನೊಂದು ದಿಕ್ಕಿನಿಂದ. ಅಮೆರಿಕ 1971ರಲ್ಲಿ ಸೀಟುಗಳಿಗೆ ಮಾನದಂಡ ಬರೆದರೂ ಆರಂಭದಲ್ಲಿ ಡಿಕ್ಕಿಯ ಪರೀಕ್ಷೆ ಅದರಲ್ಲಿರಲಿಲ್ಲ; 1981ರಿಂದ ಮಾತ್ರ ಬೊಂಬೆ ಕೂರಿಸಿ ಬಡಿದು ನೋಡುವುದು ಕಡ್ಡಾಯವಾಯಿತು. ಮಕ್ಕಳನ್ನು ಸೀಟಿನಲ್ಲಿ ಕೂರಿಸಲೇಬೇಕು ಎಂದು ತಂದೆತಾಯಿಗೆ ಹೇಳಿದ ಅಮೆರಿಕದ ಮೊದಲ ಶಾಸನ ಟೆನೆಸೀ ರಾಜ್ಯದ್ದು. ಅಲ್ಲಿನ ಮಕ್ಕಳ ವೈದ್ಯ ರಾಬರ್ಟ್ ಸ್ಯಾಂಡರ್ಸ್ ಶಾಸಕರ ಬೆನ್ನು ಹತ್ತಿ 1977ರಲ್ಲಿ ಮಸೂದೆಯನ್ನು ಪಾಸು ಮಾಡಿಸಿದರು, 1978ರ ಜನವರಿ 1ರಿಂದ ಅದು ಜಾರಿಗೆ ಬಂತು. ಜನ ಅವರಿಗೆ ‘ಡಾಕ್ಟರ್ ಸೀಟ್ ಬೆಲ್ಟ್’ ಎಂದು ಹೆಸರಿಟ್ಟರು. ಆದರೆ ಮಸೂದೆಗೆ ಒಂದು ವಿನಾಯಿತಿ ಸೇರಿಕೊಂಡಿತ್ತು: ದೊಡ್ಡವರು ಮಗುವನ್ನು ಎತ್ತಿಕೊಂಡಿದ್ದರೆ ಸೀಟು ಬೇಡ. ಸ್ಯಾಂಡರ್ಸ್ ಅದನ್ನು ‘ಮಗುವನ್ನು ಅರೆಯುವ ತಿದ್ದುಪಡಿ’ ಎಂದೇ ಕರೆದು ಹೋರಾಡಿದರು. 1981ರಲ್ಲಿ ವಿನಾಯಿತಿ ರದ್ದಾಯಿತು. 1985ರ ಹೊತ್ತಿಗೆ ಐವತ್ತೂ ರಾಜ್ಯಗಳಲ್ಲಿ ಕಾನೂನಿತ್ತು. ನಮ್ಮಲ್ಲಿ ಇನ್ನೂ ನಡೆದಿರುವ ತೊಡೆಯ ವಾದವನ್ನು ಅಲ್ಲಿನವರು ನಲವತ್ತು ವರ್ಷಗಳ ಹಿಂದೆ ಆಡಿ ಮುಗಿಸಿದ್ದಾರೆ ಎಂಬುದು ಗಮನಿಸಬೇಕಾದ ಸಂಗತಿ.

ಬಗೆಗಳು

ಹುಟ್ಟಿನಿಂದ ಮೊದಲಾಗುವುದು ಹಿಂಮುಖ ಸೀಟು. ಇದರಲ್ಲಿ ಒಂದು ಬಗೆ ಹಿಡಿಕೆಯಿರುವ ಬುಟ್ಟಿಯಂಥದ್ದು. ಮಗು ಮಲಗಿದ್ದಂತೆಯೇ ಕಾರಿನಿಂದ ತೆಗೆದು ಒಳಗೆ ಒಯ್ಯಬಹುದು. ಇನ್ನೊಂದು ಕಾರಿನಲ್ಲೇ ಉಳಿಯುವ, ಮೊದಲು ಹಿಂದಕ್ಕೆ, ಆಮೇಲೆ ಮುಂದಕ್ಕೆ ತಿರುಗಿಸಬಹುದಾದ ಕನ್ವರ್ಟಿಬಲ್ ಸೀಟು. ಯಾವಾಗ ತಿರುಗಿಸಬೇಕು ಎಂಬುದೇ ಮನೆಗಳಲ್ಲಿ ಹೆಚ್ಚು ಚರ್ಚೆಯಾಗುವ ವಿಷಯ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಮೊದಲು ಎರಡು ವರ್ಷದ ಗಡಿ ಹೇಳುತ್ತಿತ್ತು; 2018ರಲ್ಲಿ ಆ ಗಡಿಯನ್ನೂ ಕೈಬಿಟ್ಟು, ಸೀಟಿನ ತೂಕ–ಎತ್ತರದ ಮಿತಿ ಮುಟ್ಟುವವರೆಗೂ ಹಿಂಮುಖವಾಗಿಯೇ ಇರಲಿ ಎಂದಿತು. ಕಾಲು ಮಡಚಿಕೊಂಡು ಕೂರಬೇಕಲ್ಲ ಎಂಬ ಕನಿಕರಕ್ಕೆ ಅನೇಕರು ಬೇಗ ತಿರುಗಿಸಿಬಿಡುತ್ತಾರೆ. ಚಕ್ಕಂಬಕ್ಕಳ ಹಾಕಿ ಕೂರುವುದು ಮಗುವಿಗೆ ಕಷ್ಟವಲ್ಲ. ಮುರಿದ ಕಾಲು ಕೂಡಿಕೊಂಡೀತು, ನರಹುರಿ ಹರಿದರೆ ಕೂಡುವುದಿಲ್ಲ.

ಮುಮ್ಮುಖ ಸೀಟಿನಲ್ಲಿ ಐದು ಕಡೆ ಹಿಡಿಯುವ ಪಟ್ಟಿ: ಎರಡು ಹೆಗಲಿಗೆ, ಎರಡು ಸೊಂಟಕ್ಕೆ, ಒಂದು ತೊಡೆಗಳ ನಡುವೆ. ಐದೂ ಬಂದು ಸೇರುವುದು ಒಂದೇ ಬಕಲ್‌ಗೆ. ಇದರ ನಂತರದ್ದು ಬೂಸ್ಟರ್. ಬೂಸ್ಟರಿಗೆ ಸ್ವಂತ ಪಟ್ಟಿಯಿಲ್ಲ; ಮಗುವನ್ನು ಮೇಲಕ್ಕೆತ್ತಿ ಕಾರಿನ ಬೆಲ್ಟು ಹೆಗಲಿನ ನಡುವೆ, ತೊಡೆಯ ಮೇಲೆ ಸರಿಯಾಗಿ ಹಾಯುವಂತೆ ಮಾಡುವುದಷ್ಟೇ ಅದರ ಕೆಲಸ. ನೋಡಲು ಸಾದಾ ದಿಂಬಿನಂತಿರುವ ಈ ಬೂಸ್ಟರ್ ನಾಲ್ಕರಿಂದ ಹತ್ತು ವರ್ಷದ ಮಕ್ಕಳಿಗೆ ಬಹಳ ಉಪಕಾರಿ, ಮತ್ತು ನಮ್ಮ ಪೇಟೆಗಳಲ್ಲಿ ಎಲ್ಲಕ್ಕಿಂತ ಕಡಿಮೆ ಕಾಣುವುದೂ ಅದೇ. ಬೂಸ್ಟರ್ ಬಿಡುವ ಅಳತೆ ದೇಶದಿಂದ ದೇಶಕ್ಕೆ ಬೇರೆ: ಬ್ರಿಟನ್ನಿನಲ್ಲಿ 135 ಸೆಂ.ಮೀ. ಎತ್ತರ ಅಥವಾ 12 ವರ್ಷ, ಜರ್ಮನಿಯಲ್ಲಿ 150 ಸೆಂ.ಮೀ. ಅಥವಾ 12 ವರ್ಷ. ಮನೆಯಲ್ಲಿ ನೋಡಿಕೊಳ್ಳಲು ಸುಲಭದ ಗುರುತೊಂದಿದೆ. ಮಗು ಸೀಟಿಗೆ ಪೂರ್ತಿ ಬೆನ್ನು ತಾಗಿಸಿ ಕೂತಾಗ ಮಂಡಿ ಸೀಟಿನ ಅಂಚಿನಲ್ಲಿ ಮಡಚಬೇಕು, ಬೆಲ್ಟ್ ಹೆಗಲೆಲುಬಿನ ಮೇಲೆ ಹಾಯಬೇಕು, ಕೆಳಪಟ್ಟಿ ತೊಡೆಗೆ ತಾಗಬೇಕು, ಇಡೀ ಪ್ರಯಾಣ ಹಾಗೆಯೇ ಕೂರಲು ಮಗುವಿಗೆ ಆಗಬೇಕು.

ಏರ್‌ಬ್ಯಾಗ್

ಮಕ್ಕಳ ವಿಷಯದಲ್ಲಿ ಒಂದೇ ಒಂದು ನಿಯಮ ಹೇಳಲು ಅವಕಾಶವಿದ್ದರೆ ಅದು ಇದಾಗಬೇಕು: ಚಾಲೂ ಇರುವ ಏರ್‌ಬ್ಯಾಗಿನ ಎದುರು ಹಿಂಮುಖ ಸೀಟು ಇಡಬಾರದು. ಏರ್‌ಬ್ಯಾಗ್ ಉಬ್ಬುವುದು ಸೆಕೆಂಡಿನ ಇಪ್ಪತ್ತನೇ ಒಂದು ಪಾಲಿನೊಳಗೆ. ಬೆಲ್ಟ್ ಹಾಕಿ ಹಿಂದಕ್ಕೆ ಕುಳಿತ ದೊಡ್ಡವರಿಗೆ ಅದು ದಿಂಬು. ಡ್ಯಾಷ್‌ಬೋರ್ಡಿನಿಂದ ಕೆಲವೇ ಅಂಗುಲ ದೂರವಿರುವ ಹಿಂಮುಖ ಸೀಟಿನ ಬೆನ್ನಿಗೆ ಅದು ಸುತ್ತಿಗೆಯ ಪೆಟ್ಟು, ಆ ಬೆನ್ನಿಗೆ ಒರಗಿರುವುದು ಮಗುವಿನ ತಲೆ. 1990ರ ದಶಕದಲ್ಲಿ ಅಮೆರಿಕದಲ್ಲಿ ಏರ್‌ಬ್ಯಾಗ್ ಹರಡಿದಾಗ, ಪ್ರಾಣ ಹೋಗುವ ಕಾರಣವೇ ಇರದಿದ್ದ ನಿಧಾನಗತಿಯ ಡಿಕ್ಕಿಗಳಲ್ಲೂ ಮುಂದೆ ಕುಳಿತ ಮಕ್ಕಳು ಸತ್ತರು. ಸನ್‌ವೈಸರ್ ಮೇಲೆ ಇವತ್ತು ಅಂಟಿಸಿರುವ, ಮಗುವಿನ ಸೀಟಿಗೆ ಅಡ್ಡಗೆರೆ ಎಳೆದ ಚಿತ್ರದ ಹಿಂದೆ ಆ ಸಾವುಗಳಿವೆ. 13 ವರ್ಷದವರೆಗೂ ಮಕ್ಕಳು ಹಿಂದಿನ ಸೀಟಿನಲ್ಲೇ ಕೂರಲಿ ಎಂಬ ಸಲಹೆ ಹುಟ್ಟಿದ್ದೂ ಈ ಅನುಭವದಿಂದ.

ಭಾರತದಲ್ಲಿ ಇದು ತೀರಾ ಈಚಿನ ಅಪಾಯ. ಚಾಲಕರ ಪಕ್ಕದ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯವಾದದ್ದು 2021ರಲ್ಲಿ. ಅದಕ್ಕೆ ಮೊದಲಿನ ಅಗ್ಗದ ಕಾರುಗಳಲ್ಲಿ ಅಮ್ಮನ ಮಡಿಲಲ್ಲಿ ಕುಳಿತು ಬೆಳೆದವರು ಈಗ ತಂದೆತಾಯಿ. ತಾವು ಕೂತಿದ್ದ ಹಾಗೆಯೇ ಮಗುವನ್ನೂ ಕೂರಿಸುತ್ತಾರೆ. ಎದುರಿನ ಡ್ಯಾಷ್‌ಬೋರ್ಡ್ ಮಾತ್ರ ಹಿಂದಿನದಲ್ಲ. ದೊಡ್ಡವರನ್ನು ಉಳಿಸಲೆಂದು ಬಂದ ಸಾಧನ ತೊಡೆಯ ಮೇಲಿನ ಮಗುವಿಗೆ ಹೊಸ ಕುತ್ತಾಗಿದೆ, ಮತ್ತು ಈ ಮಾತನ್ನು ಹೇಳಬೇಕಾದವರು ಕಾರು ಕೊಡುವ ದಿನ ಕೀಲಿಯ ಜೊತೆ ಸಿಹಿ ಕೊಡುತ್ತಾರೆಯೇ ಹೊರತು ಇದನ್ನು ಹೇಳುವುದಿಲ್ಲ ಎಂಬುದು ನೋವಿನ ವಿಷಯ.

ಮಾನದಂಡ ಮತ್ತು ಜೋಡಣೆ

ಯುರೋಪಿನಲ್ಲಿ ಬಹುಕಾಲ ನಡೆದದ್ದು ವಿಶ್ವಸಂಸ್ಥೆಯ 44ನೇ ನಿಯಮ. 1981ರಲ್ಲಿ ಜಾರಿಗೆ ಬಂದ ಇದು ಮಕ್ಕಳನ್ನು ತೂಕದಿಂದ ಗುಂಪು ಮಾಡುತ್ತಿತ್ತು: 13 ಕಿಲೋವರೆಗೆ ಒಂದು, 9ರಿಂದ 18 ಕಿಲೋ ಇನ್ನೊಂದು, ಹೀಗೆ 36 ಕಿಲೋವರೆಗೆ. ಸೀಟಿನ ಹಿಂಬದಿಯ ಕಿತ್ತಳೆ ಬಣ್ಣದ ಚೀಟಿ ಈ ನಿಯಮದ ಗುರುತು. ಅದರ ಬದಲು 2013ರಲ್ಲಿ ಬಂದ 129ನೇ ನಿಯಮ, ಅಂದರೆ ‘ಐ–ಸೈಜ್’, ಎತ್ತರದಿಂದ ಅಳೆಯುತ್ತದೆ. ತಂದೆತಾಯಿಗೆ ಮಗುವಿನ ತೂಕಕ್ಕಿಂತ ಅಂಗಿಯ ಅಳತೆ ಚೆನ್ನಾಗಿ ಗೊತ್ತಿರುತ್ತದೆ ಎಂಬುದು ಇದರ ಹಿಂದಿನ ಸರಳ ತಿಳಿವಳಿಕೆ. ಇದರಡಿ 15 ತಿಂಗಳವರೆಗೆ ಹಿಂಮುಖ ಕಡ್ಡಾಯ, ಪಕ್ಕದಿಂದ ಬರುವ ಡಿಕ್ಕಿಯ ಪರೀಕ್ಷೆಯೂ ಕಡ್ಡಾಯ. 2024ರ ಸೆಪ್ಟೆಂಬರಿನಿಂದ ಯುರೋಪಿನ ಒಕ್ಕೂಟದಲ್ಲಿ ಹಳೆಯ ನಿಯಮದ ಸೀಟುಗಳ ಮಾರಾಟ ನಿಂತಿದೆ.

ಸೀಟನ್ನು ಕಾರಿಗೆ ಜೋಡಿಸುವುದು ಎರಡು ರೀತಿ. ಒಂದು ಕಾರಿನ ಬೆಲ್ಟಿನಿಂದಲೇ ಕಟ್ಟುವುದು. ಇನ್ನೊಂದು ಐಸೋಫಿಕ್ಸ್. ಕಾರಿನ ಹಿಂದಿನ ಸೀಟಿನ ಬೆನ್ನೂ ಕೂರುವ ಭಾಗವೂ ಸೇರುವ ಸಂದಿನಲ್ಲಿ ಬೆರಳು ಹಾಕಿದರೆ ತಣ್ಣಗಿನ ಎರಡು ಉಕ್ಕಿನ ಸರಳು ಸಿಗುತ್ತವೆ. ಪೆನ್ಸಿಲಿಗಿಂತ ತುಸು ಸಣ್ಣ, ಆರು ಮಿಲಿಮೀಟರ್ ದಪ್ಪ. ಒಂದರಿಂದ ಒಂದಕ್ಕೆ 28 ಸೆಂ.ಮೀ. ದೂರ. ಅವು ಬೆಸೆದಿರುವುದು ಕಾರಿನ ಮೈಗೇ. ಸೀಟಿನ ಎರಡು ಕೊಕ್ಕೆಗಳನ್ನು ತಳ್ಳಿದರೆ ಟಕ್ ಎಂದು ಹಿಡಿದುಕೊಳ್ಳುತ್ತವೆ, ಕೆಂಪು ಗುರುತು ಹಸಿರಾಗುತ್ತದೆ. 1999ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾದ ಇದರ ಉದ್ದೇಶವೇ ತಪ್ಪು ಜೋಡಣೆಯನ್ನು ತಪ್ಪಿಸುವುದು. ಸೀಟು ಮುಂದಕ್ಕೆ ಮಗುಚದಂತೆ ಮೂರನೆಯ ಆಸರೆಯೂ ಬೇಕು: ಸೀಟಿನ ತಲೆಯಿಂದ ಕಾರಿನ ಹಿಂಭಾಗದ ಕೊಂಡಿಗೆ ಎಳೆದು ಕಟ್ಟುವ ಟಾಪ್ ಟೆದರ್ ಪಟ್ಟಿ, ಇಲ್ಲವೇ ನೆಲಕ್ಕೆ ಊರುವ ಕಾಲು. ಕೊಕ್ಕೆ ಹಾಕಿ ಟೆದರ್ ಮರೆಯುವುದು ಬಹಳ ಸಾಮಾನ್ಯವಾದ ತಪ್ಪು.

ಬೆಲ್ಟಿನಿಂದ ಕಟ್ಟುವಾಗ ಮೈಬಗ್ಗಿಸಿ ದುಡಿಯಬೇಕು. ಸೀಟಿನೊಳಗೆ ಮಂಡಿಯೂರಿ ತನ್ನ ಭಾರ ಹಾಕಿ, ಬೆಲ್ಟನ್ನು ಅದರ ದಾರಿಯಲ್ಲಿ ತೂರಿಸಿ ಬಿಗಿಯಾಗಿ ಎಳೆಯಬೇಕು. ಆಮೇಲೆ ಬೆಲ್ಟ್ ಹಾಯ್ದ ಜಾಗದಲ್ಲಿ ಹಿಡಿದು ಅಲುಗಾಡಿಸಿದರೆ ಒಂದು ಅಂಗುಲಕ್ಕಿಂತ ಹೆಚ್ಚು ಸರಿಯಬಾರದು. ಮಗುವನ್ನು ಕೂರಿಸಿ ಪಟ್ಟಿ ಬಿಗಿದ ಮೇಲೆ ಹೆಗಲ ಹತ್ತಿರ ಪಟ್ಟಿಯನ್ನು ಹೆಬ್ಬೆರಳು ತೋರುಬೆರಳುಗಳಿಂದ ಚಿವುಟಿ ನೋಡಬೇಕು. ಮಡಿಕೆ ಬೆರಳಿಗೆ ಸಿಕ್ಕಿದರೆ ಪಟ್ಟಿ ಇನ್ನೂ ಸಡಿಲ ಎಂದರ್ಥ, ಬೆರಳು ಜಾರಿದರೆ ಸರಿ. ಹಿಂಮುಖ ಸೀಟಿನಲ್ಲಿ ಪಟ್ಟಿ ಹೆಗಲಿನ ಮಟ್ಟದಿಂದ ಅಥವಾ ಕೆಳಗಿನಿಂದ ಬರಬೇಕು, ಮುಮ್ಮುಖದಲ್ಲಿ ಹೆಗಲಿನ ಮಟ್ಟದಿಂದ ಅಥವಾ ಮೇಲಿನಿಂದ. ಅಮೆರಿಕದ ಸರ್ಕಾರಿ ಅಂದಾಜಿನಂತೆ ಅಲ್ಲಿಯೇ ಅರ್ಧದ ಹತ್ತಿರಹತ್ತಿರ ಸೀಟುಗಳು ಒಂದಲ್ಲ ಒಂದು ರೀತಿ ತಪ್ಪಾಗಿ ಬಳಕೆಯಾಗುತ್ತವೆ.

ದಪ್ಪ ಬಟ್ಟೆಯ ವಿಷಯ ನಮ್ಮವರಿಗೆ ಮುಖ್ಯ. ಮಡಿಕೇರಿಗೋ ಚಿಕ್ಕಮಗಳೂರಿಗೋ ಹೊರಟಾಗ ಕುಲಾವಿ, ಸ್ವೆಟರ್, ಮೇಲೊಂದು ಶಾಲು ಸುತ್ತಿ ಮಗುವನ್ನು ಕೂರಿಸಿ ಪಟ್ಟಿ ಹಾಕಿದರೆ ಬಿಗಿಯಾಗಿದೆ ಎನಿಸುತ್ತದೆ. ಡಿಕ್ಕಿಯಾದಾಗ ಉಣ್ಣೆಯೊಳಗಿನ ಗಾಳಿ ಹಿಂಡಿಹೋಗಿ ಪಟ್ಟಿ ಸಡಿಲವಾಗುತ್ತದೆ, ಮಗು ಅದರೊಳಗಿಂದ ನುಣುಚಿಕೊಳ್ಳುತ್ತದೆ. ತೆಳು ಬಟ್ಟೆಯ ಮೇಲೆ ಪಟ್ಟಿ ಬಿಗಿದು, ಶಾಲನ್ನು ಪಟ್ಟಿಯ ಮೇಲೆ ಹೊದಿಸಬೇಕು. ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನ ಬಕಲ್ ಎಳೆಯ ತೊಡೆಯನ್ನು ಸುಡುವಷ್ಟು ಕಾದಿರುತ್ತದೆ, ಮೊದಲು ಕೈಯಲ್ಲಿ ಮುಟ್ಟಿ ನೋಡಬೇಕು. ಸೀಟಿನಲ್ಲಿ ನಿದ್ದೆಹೋದ ಮಗುವನ್ನು ‘ಎರಡೇ ನಿಮಿಷ’ ಎಂದು ಮುಚ್ಚಿದ ಕಾರಿನಲ್ಲಿ ಬಿಟ್ಟು ಹೋಗುವಂತಿಲ್ಲ. ಒಳಗಿನ ಶಾಖ ನಿಮಿಷಗಳಲ್ಲಿ ಏರುತ್ತದೆ, ಮಗುವಿನ ಮೈ ದೊಡ್ಡವರಿಗಿಂತ ಬಹಳ ಬೇಗ ಕಾಯುತ್ತದೆ.

ಭಾರತದಲ್ಲಿ

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಈ ದೇಶದಲ್ಲಿ ಮಕ್ಕಳ ಸೀಟಿನ ಮಾತು ಕಾನೂನಿಗೆ ಸೇರಿದ್ದು ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯಿಂದ. ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ 194ಬಿ ಕಲಮಿನ ಪ್ರಕಾರ, 14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟಿನಿಂದಾಗಲಿ ಮಕ್ಕಳ ಸೀಟಿನಿಂದಾಗಲಿ ಭದ್ರಪಡಿಸದೆ ವಾಹನ ಓಡಿಸಿದರೆ 1,000 ರೂಪಾಯಿ ದಂಡ. ಕಲಮು ಒಳ್ಳೆಯದು, ಆದರೆ ಅರ್ಧ ಹಾದಿಯಲ್ಲಿ ನಿಂತಿದೆ. ಎಷ್ಟು ವಯಸ್ಸಿಗೆ, ಎಷ್ಟು ಎತ್ತರಕ್ಕೆ ಯಾವ ಸೀಟು ಎಂದು ಅದು ಬಿಡಿಸಿ ಹೇಳುವುದಿಲ್ಲ. ‘ಬೆಲ್ಟ್ ಅಥವಾ ಸೀಟು’ ಎಂಬ ಮಾತಿನಿಂದ ಮೂರು ವರ್ಷದ ಮಗುವಿಗೆ ದೊಡ್ಡವರ ಬೆಲ್ಟ್ ಸಾಕು ಎಂಬ ಅರ್ಥಕ್ಕೂ ಎಡೆಯಿದೆ. ಸೀಟುಗಳ ತಯಾರಿಕೆಗೆ ವಿಶ್ವಸಂಸ್ಥೆಯ 44ನೇ ನಿಯಮದ ಮಾದರಿಯ ಎಐಎಸ್–072 ಎಂಬ ಮಾನದಂಡವಿದೆ. ಬೈಕು ಸ್ಕೂಟರುಗಳಿಗೆ ಸಂಬಂಧಿಸಿದ ನಿಯಮ 2023ರ ಫೆಬ್ರವರಿ 15ರಿಂದ ಬಂದಿದೆ: ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಗುವನ್ನು ಓಡಿಸುವವರ ಮೈಗೆ ಪಟ್ಟಿಯಿಂದ ಕಟ್ಟಬೇಕು, ಹೆಲ್ಮೆಟ್ ಹಾಕಬೇಕು, ವೇಗ 40 ಕಿ.ಮೀ. ದಾಟಬಾರದು.

ಕಾನೂನಿಗಿಂತ ಹೆಚ್ಚು ಬದಲಾವಣೆ ತಂದದ್ದು ಡಿಕ್ಕಿ ಪರೀಕ್ಷೆಗಳು. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2014ರಿಂದ ಭಾರತದ ಕಾರುಗಳನ್ನು ಬಡಿದು ನೋಡಿ ದೊಡ್ಡವರಿಗೆ, ಮಕ್ಕಳಿಗೆ ಬೇರೆ ಬೇರೆಯಾಗಿ ನಕ್ಷತ್ರ ಕೊಡತೊಡಗಿತು. 2023ರ ಅಕ್ಟೋಬರ್ 1ರಿಂದ ಸರ್ಕಾರದ್ದೇ ಆದ ಭಾರತ್ ಎನ್‌ಕ್ಯಾಪ್ ನಡೆಯುತ್ತಿದೆ. ಇದರಲ್ಲಿ ಮಕ್ಕಳ ರಕ್ಷಣೆಗೆ ಒಟ್ಟು 49 ಅಂಕ: ಒಂದೂವರೆ ವರ್ಷ, ಮೂರು ವರ್ಷದ ಮಕ್ಕಳ ಬೊಂಬೆ ಕೂರಿಸಿ ಬಡಿದು ನೋಡುವುದಕ್ಕೆ 24, ಸೀಟುಗಳು ಸರಿಯಾಗಿ ಕೂರುತ್ತವೆಯೇ ಎಂಬುದಕ್ಕೆ 12, ಕಾರಿನಲ್ಲಿರುವ ಅನುಕೂಲಗಳಿಗೆ 13. ಕಾರು ಕೊಳ್ಳುವವರು ಸನ್‌ರೂಫ್ ಇದೆಯೇ ಎಂದು ಕೇಳುವಷ್ಟೇ ಸಹಜವಾಗಿ ಈ ಅಂಕವನ್ನೂ ಕೇಳುವಂತಾಗಬೇಕು. ಆ ಸನ್‌ರೂಫಿನಿಂದ ಮಕ್ಕಳನ್ನು ಸೊಂಟದವರೆಗೆ ಹೊರಗೆ ನಿಲ್ಲಿಸಿ ಓಡಿಸುವುದನ್ನು ಬೆಂಗಳೂರಿನ ರಸ್ತೆಗಳಲ್ಲಿ ಕಂಡಾಗಲೆಲ್ಲ ಎದೆ ಝಲ್ಲೆನ್ನುತ್ತದೆ. ತಗ್ಗಾದ ಕೊಂಬೆ, ಎತ್ತರ ತಡೆಯುವ ಕಬ್ಬಿಣದ ಕಮಾನು, ಗಾಳಿಪಟದ ಮಾಂಜಾ ದಾರ, ಒಂದು ಗಟ್ಟಿ ಬ್ರೇಕ್: ಇವುಗಳಲ್ಲಿ ಯಾವುದಾದರೂ ಒಂದು ಸಾಕು.

ಬಾಡಿಗೆ ಟ್ಯಾಕ್ಸಿಗಳಲ್ಲಿ ಮಕ್ಕಳ ಸೀಟು ಸಿಗುವುದಿಲ್ಲವೆಂದೇ ಹೇಳಬೇಕು. ಆಟೋ, ಶಾಲಾ ವ್ಯಾನುಗಳ ಮಾತು ಬೇರೆಯದೇ ಲೇಖನವಾಗುತ್ತದೆ. ಸ್ವಂತ ಕಾರಿದ್ದವರಿಗೂ ಒಂದು ಕಷ್ಟವಿದೆ: ಐದು ಜನರ ಕಾರಿನಲ್ಲಿ ಊರಿಗೆ ಹೊರಡುವವರು ಅಜ್ಜಿ ತಾತ ಸೇರಿ ಆರೋ ಏಳೋ ಆಗಿರುತ್ತಾರೆ, ಸೀಟಿಟ್ಟರೆ ಇಬ್ಬರ ಜಾಗ ಹೋಗುತ್ತದೆ. ಈ ಕಷ್ಟ ನಿಜವಾದದ್ದು. ಆದರೂ ಯಾರಾದರೂ ಒಬ್ಬರು ಬಸ್ಸಿನಲ್ಲಿ ಬರುವುದಾದರೆ ಅದು ದೊಡ್ಡವರೇ ಆಗಲಿ.

ನವಜಾತ ಶಿಶು

ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದ ಕನ್ನಡದ ಅಜ್ಜಿಯರು ಈ ಸೀಟನ್ನು ಮೊದಲು ಕಾಣುವುದು ಆಸ್ಪತ್ರೆಯಲ್ಲಿ. ಮಗಳನ್ನು ಮನೆಗೆ ಕಳಿಸುವ ದಿನ ನರ್ಸು ಬಂದು ಕಾರ್ ಸೀಟ್ ಎಲ್ಲಿ ಎಂದು ಕೇಳುತ್ತಾಳೆ. ಎರಡು ದಿನದ ಕೂಸನ್ನು ಎದೆಗವಚಿಕೊಂಡು ಹೋಗೋಣ ಎಂದುಕೊಂಡಿದ್ದವರ ಕಣ್ಣೆದುರೇ ಅದನ್ನು ಬುಟ್ಟಿಯಲ್ಲಿ ಮಲಗಿಸಿ ಪಟ್ಟಿ ಬಿಗಿಯುತ್ತಾರೆ. ದಾರಿಯಲ್ಲಿ ಕೂಸು ಅತ್ತರೆ ‘ಪಾಪ ಕಣೇ, ಒಂಚೂರು ಎತ್ಕೊಳ್ತೀನಿ’ ಎಂದು ಅಜ್ಜಿ, ‘ಬೇಡಮ್ಮಾ, ಬೇಕಾದ್ರೆ ಕಾರ್ ನಿಲ್ಸಿ ಎತ್ಕೋ’ ಎಂದು ಮಗಳು. ಮಗಳ ಮಾತೇ ಸರಿ. ಅಳುವ ಮಗುವಿಗೆ ಹಾಲು ಕೊಡಲು, ಬಟ್ಟೆ ಬದಲಿಸಲು, ಸುಮ್ಮನೆ ಎತ್ತಿ ಆಡಿಸಲು ಕಾರನ್ನು ಪಕ್ಕಕ್ಕೆ ಹಾಕುವುದೊಂದೇ ದಾರಿ. ಇದೇ ಕುಟುಂಬ ಮರುವರ್ಷ ರಜೆಗೆ ಬಂದು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಟ್ಯಾಕ್ಸಿ ಹತ್ತುವಾಗ ಮಗು ಮತ್ತೆ ತೊಡೆಗೇರುತ್ತದೆ. ವಿಮಾನದಲ್ಲಿ ಸೀಟನ್ನು ಹೊತ್ತು ತಂದವರು ಮಾತ್ರ ಇದಕ್ಕೆ ಹೊರತು.

ಹುಟ್ಟಿದ ಕೂಸನ್ನು ಕೂರಿಸುವಾಗ ಸೀಟು ಹೆಚ್ಚು ನೆಟ್ಟಗಿದ್ದರೆ ತಲೆ ಮುಂದಕ್ಕೆ ಬಿದ್ದು ಗದ್ದ ಎದೆಗೊತ್ತಿ ಉಸಿರಿನ ದಾರಿ ಕಟ್ಟೀತು. ಸುಮಾರು 45 ಡಿಗ್ರಿ ಒರಗಿರಬೇಕು. ಸರಿಯಾದ ಓರೆ ತೋರಿಸುವ ಗೆರೆ ಅನೇಕ ಸೀಟುಗಳ ಮೇಲೇ ಇರುತ್ತದೆ. ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಈ ಅಪಾಯ ಹೆಚ್ಚು, ಆದ್ದರಿಂದ ಅಮೆರಿಕದ ಆಸ್ಪತ್ರೆಗಳಲ್ಲಿ ಅವನ್ನು ಸೀಟಿನಲ್ಲಿ ಮಲಗಿಸಿ ಉಸಿರು, ಎದೆಬಡಿತ, ರಕ್ತದ ಆಮ್ಲಜನಕವನ್ನು ಗಮನಿಸಿ ನೋಡಿಯೇ ಮನೆಗೆ ಕಳಿಸುತ್ತಾರೆ. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ ಕೂಸಿಗೆ ಪಟ್ಟಿ ಹಾಕಲು ಬರುವುದಿಲ್ಲ, ಕಾಲುಗಳು ಬಿಡಿಯಾಗಿರಬೇಕು. ಕಾರು ನಿಂತ ಮೇಲೆ, ಮನೆಯೊಳಗೆ, ಈ ಸೀಟು ತೊಟ್ಟಿಲಲ್ಲ. ಮಗುವನ್ನು ತೆಗೆದು ಅಂಗಾತ ಮಲಗಿಸಬೇಕು.

ಸೀಟಿನ ಆಯುಷ್ಯ

ಪ್ಲಾಸ್ಟಿಕ್ಕು ಬಿಸಿಲಿಗೆ ಕಾದು ಚಳಿಗೆ ಆರಿ ಹಳತಾಗುತ್ತದೆ. ತಯಾರಕರು ಸಾಮಾನ್ಯವಾಗಿ ಆರರಿಂದ ಹತ್ತು ವರ್ಷದ ಆಯುಷ್ಯ ಹೇಳಿ ತಳದಲ್ಲಿ ತಾರೀಖು ಅಚ್ಚು ಹಾಕಿರುತ್ತಾರೆ. ಜೋರಾದ ಡಿಕ್ಕಿಯಲ್ಲಿ ಒಮ್ಮೆ ತನ್ನ ಕೆಲಸ ಮಾಡಿದ ಸೀಟು ಹೊರಗೆ ಬಿರುಕು ಕಾಣದಿದ್ದರೂ ಮತ್ತೆ ಬಳಕೆಗೆ ಬರುವುದಿಲ್ಲ. ಅಕ್ಕನ ಮಗುವಿನದ್ದು ತಂಗಿಯ ಮಗುವಿಗೆ ಬಂದರೆ ತೊಂದರೆಯಿಲ್ಲ, ಅದರ ಪೂರ್ವಕಥೆ ಮನೆಯವರಿಗೆ ಗೊತ್ತಿರುತ್ತದೆ. ಗುರುತಿಲ್ಲದವರಿಂದ ಹಳೆಯ ಸೀಟು ಕೊಳ್ಳಬಾರದು. ಅವಧಿ ಮುಗಿದ ಸೀಟನ್ನು ಎಸೆಯುವಾಗ ಕತ್ತರಿ ತೆಗೆದುಕೊಂಡು ಐದೂ ಪಟ್ಟಿಗಳನ್ನು ಬುಡದಲ್ಲಿ ಕತ್ತರಿಸುವುದು ವಾಡಿಕೆ. ಬಟ್ಟೆ ಚೆನ್ನಾಗಿದೆಯೆಂದು ರಸ್ತೆಬದಿಯಿಂದ ಯಾರಾದರೂ ಎತ್ತಿಕೊಂಡು ಹೋಗಿ ಅದರಲ್ಲಿ ಇನ್ನೊಂದು ಮಗುವನ್ನು ಕೂರಿಸದಿರಲಿ ಎಂದು.